ಪ್ರೈಮೇಟ್‌ಗಳು: ಮೈಸೂರಿನಲ್ಲಿ ಪಾಲನೆ ಮತ್ತು ಅಧ್ಯಯನದ ಇತಿಹಾಸ

ಕಾಡುಪಾಪ, ಕೋತಿ, ಮುಸುವ, ಗೊರಿಲ್ಲ, ಮನುಷ್ಯ ಇವೆಲ್ಲ ಸೇರುವ ಸಸ್ತನಿಗಳ ಗಣವೇ ಪ್ರೈಮೇಟ್. ಹಿಡಿಯಬಲ್ಲ ಕೈ, ಮುಂದಕ್ಕೆ ನೋಡುವ ಕಣ್ಣು, ಮೈಗೆ ಹೋಲಿಸಿದರೆ ದೊಡ್ಡ ಮಿದುಳು, ಬಹುಕಾಲ ತಾಯಿಯನ್ನೇ ನಂಬಿದ ಮರಿ ಇದರ ಮುಖ್ಯ ಲಕ್ಷಣಗಳು. 1758ರ ತನ್ನ ಗ್ರಂಥದಲ್ಲಿ ಗಣಕ್ಕೆ ಈ ಹೆಸರಿಟ್ಟ ಜೀವವಿಜ್ಞಾನಿ ಲಿನೇಯಸ್, ಪಶ್ಚಿಮ ಘಟ್ಟದ ಸಿಂಗಳೀಕಕ್ಕೂ ಅದೇ ಗ್ರಂಥದಲ್ಲಿ ವೈಜ್ಞಾನಿಕ ಹೆಸರು ಕೊಟ್ಟ.

ಮೈಸೂರಿನವರಿಗೆ ದೂರದೇಶದ ವಾನರಗಳ ಪರಿಚಯವಾದದ್ದು ಮೃಗಾಲಯದಿಂದ. 1892ರಲ್ಲಿ ಹತ್ತನೇ ಚಾಮರಾಜ ಒಡೆಯರ್ ಸ್ಥಾಪಿಸಿದ ಈ ಸಂಸ್ಥೆಗೆ 1909ರಲ್ಲಿ ಅವರದೇ ಹೆಸರು ಬಂತು. 1995ರಲ್ಲಿ ಡಬ್ಲಿನ್‌ನಿಂದ ಬಂದ ಗೊರಿಲ್ಲ ಪೋಲೊ ವರ್ಷಗಟ್ಟಲೆ ಒಂಟಿಯಾಗಿ ಬದುಕಿ 2014ರಲ್ಲಿ ತೀರಿಕೊಂಡ. ಗುಂಪಿನಲ್ಲೇ ಬಾಳುವ ಪ್ರಾಣಿಗೆ ಒಂಟಿತನ ಸಣ್ಣ ಶಿಕ್ಷೆಯಲ್ಲ. 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬಾ ಎಂಬ ಗೊರಿಲ್ಲ ಅಣ್ಣತಮ್ಮಂದಿರು ಒಟ್ಟಿಗೇ ಬಂದದ್ದು ಆ ದೃಷ್ಟಿಯಿಂದ ಸಮಾಧಾನದ ಸಂಗತಿ. ಅದೇ ವರ್ಷ ಮಲೇಷ್ಯ, ಸಿಂಗಪುರಗಳಿಂದ ಒರಾಂಗುಟಾನ್‌ಗಳೂ ಬಂದವು.

ಪ್ರೈಮೇಟ್ ಅಧ್ಯಯನಕ್ಕೆ ಊರಿನ ನಿಜವಾದ ಕೊಡುಗೆ ಇರುವುದು ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯಲ್ಲಿ. ಅಲ್ಲಿನ ಮನೋವಿಜ್ಞಾನ ವಿಭಾಗದ ಪ್ರೊ. ಮೇವಾ ಸಿಂಗ್ ಮತ್ತು ಅವರ ಶಿಷ್ಯರು ಪಂಜರದ ಪ್ರಾಣಿಯನ್ನು ಬಿಟ್ಟು ಮರದ ಮೇಲಿನದನ್ನು ಹಿಂಬಾಲಿಸಿದರು. ಸಂಶೋಧಕ ಹೊನ್ನವಳ್ಳಿ ಕುಮಾರ ಅವರೊಂದಿಗೆ ನಡೆಸಿದ ಸಮೀಕ್ಷೆಯಲ್ಲಿ ಶಿರಸಿ-ಹೊನ್ನಾವರ ಕಾಡುಗಳ ಸಿಂಗಳೀಕಗಳ ಮಹತ್ವ ಬೆಳಕಿಗೆ ಬಂತು. 2011ರಲ್ಲಿ ಅಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಇರುಳಲ್ಲಿ ಹುಳಹುಪ್ಪಟೆ ಹುಡುಕುವ ಕಾಡುಪಾಪವನ್ನೂ ಇವರು ಬಿಡಲಿಲ್ಲ. ದಕ್ಷಿಣ ಕರ್ನಾಟಕದ ಒಣ ಕುರುಚಲು ಕಾಡಿನಲ್ಲಿರುವ ಅದರ ಉಪಜಾತಿಗೆ ಮೈಸೂರಿನ ಹೆಸರೇ ಇದೆ. ಮಾಟಮಂತ್ರದ ನಂಬಿಕೆಗೆ ಬಲಿಯಾಗುತ್ತ ಬಂದಿರುವ ಬಡಪಾಯಿ ಜೀವಿ ಅದು.

ಎಲ್ಲಕ್ಕಿಂತ ಕಳವಳ ಹುಟ್ಟಿಸುವುದು ನಾವು ತೀರ ಸಾಮಾನ್ಯವೆಂದು ಎಣಿಸಿದ ಕೋತಿಯ ಕಥೆ. ನೆತ್ತಿಯ ಮೇಲೆ ಟೋಪಿಯಂತೆ ಕೂದಲಿರುವ, ಚಾಮುಂಡಿಬೆಟ್ಟದಲ್ಲಿ ಭಕ್ತರ ಕೈಯಿಂದ ಬಾಳೆಹಣ್ಣು ಕಸಿಯುವ ಇದು ದಕ್ಷಿಣ ಭಾರತ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಸಹಜವಾಗಿ ಇಲ್ಲ. ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಉಳಿಯುತ್ತವೆ, ಬೆಳೆದ ಗಂಡುಗಳು ಬೇರೆ ಗುಂಪು ಸೇರುತ್ತವೆ. ಮೈಸೂರು ಸುತ್ತಲಿನ ರಸ್ತೆಬದಿಯ ಗುಂಪುಗಳನ್ನು 1989ರಿಂದ 2009ರವರೆಗೆ ಮತ್ತೆ ಮತ್ತೆ ಎಣಿಸಿದಾಗ ಸಂಖ್ಯೆ ತೀವ್ರವಾಗಿ ಕುಸಿದದ್ದು ಕಂಡಿತು. ರಸ್ತೆ ಅಗಲಿಸಲು ಸಾಲುಮರಗಳನ್ನು ಉರುಳಿಸಿದ್ದು, ಅವುಗಳಲ್ಲೂ ವರ್ಷವಿಡೀ ಹಣ್ಣು ಕೊಡುವ ಆಲದ ಜಾತಿಯ ಮರಗಳು ಹೋದದ್ದು, ಇದಕ್ಕೆ ದೊಡ್ಡ ಕಾರಣ. ಬೆಟ್ಟದಲ್ಲೂ ದೇವಸ್ಥಾನಗಳಲ್ಲೂ ಕೋತಿ ಕಾಣುವುದರಿಂದ ಅದು ಹೇರಳವಾಗಿದೆ ಎಂಬ ಭಾವನೆ ಇನ್ನೂ ಗಟ್ಟಿಯಾಗಿದೆ; ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿ ಮಾತ್ರ ಈಗ ಅದನ್ನು ಅಪಾಯಕ್ಕೊಳಗಾಗಬಲ್ಲ ಜೀವಿಗಳ ಸಾಲಿಗೆ ಸೇರಿಸಿದೆ.