ವಸಡಿನ ಕೀವು, ಬಿ.ಪಿ. ಮತ್ತು ಸುಮ್ಮನೆ ಕಿತ್ತ ಸಾವಿರಾರು ಹಲ್ಲು

ಹಲ್ಲುಜ್ಜುವಾಗ ರಕ್ತ ಬಂದರೆ ಬಾಯಿ ಮುಕ್ಕಳಿಸಿ ಉಗಿದು ಮರೆತುಬಿಡುವುದು ನಮ್ಮ ರೂಢಿ. ದಿನಾ ಬಿ.ಪಿ. ಮಾತ್ರೆ ನುಂಗುವವರಿಗೂ ವಸಡಿನ ನೆನಪಾಗುವುದಿಲ್ಲ. ಇವೆರಡನ್ನೂ ಜೋಡಿಸುವ ಮಾತು ಈಗ ಹೊಸ ಸುದ್ದಿಯಂತೆ ಓಡಾಡುತ್ತಿದೆ. ನಿಜವಾಗಿ ಇದು ಹಳೆಯ ಮಾತು. ನೂರು ವರ್ಷದ ಹಿಂದೆಯೇ ಒಮ್ಮೆ ಬಂದು, ದೊಡ್ಡ ಅನಾಹುತ ಮಾಡಿ ಹೋಗಿತ್ತು.

ಬರ್ಲಿನ್‌ನಲ್ಲಿದ್ದ ಅಮೆರಿಕದ ದಂತವೈದ್ಯ ವಿಲ್ಲೋಬಿ ಮಿಲ್ಲರ್, ಬಾಯಿಯೇ ಸೋಂಕಿನ ನೆಲೆ ಎಂದು 1891ರಲ್ಲಿ ಬರೆದರು. ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಇದನ್ನು ಇನ್ನೂ ಜೋರಾಗಿ ಹೇಳಿದರು. 1910ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಭಾಷಣ ಮಾಡಿ, ಕೊಳೆತ ಹಲ್ಲಿನ ಮೇಲೆ ಚಿನ್ನದ ಕ್ಯಾಪು ಕೂರಿಸುವ ದಂತವೈದ್ಯರನ್ನು ತರಾಟೆಗೆ ತೆಗೆದುಕೊಂಡರು. ಶಿಕಾಗೋದ ಫ್ರಾಂಕ್ ಬಿಲ್ಲಿಂಗ್ಸ್ ಅದಕ್ಕೆ ಸಿದ್ಧಾಂತದ ರೂಪ ಕೊಟ್ಟರು: ಎಲ್ಲೋ ಮೂಲೆಯಲ್ಲಿ ಅಡಗಿದ ಸೋಂಕು ರಕ್ತಕ್ಕಿಳಿದು ಕೀಲು, ಹೃದಯ, ಮೂತ್ರಪಿಂಡಗಳನ್ನು ಕೆಡಿಸುತ್ತದೆ ಎಂದು.

ಆಮೇಲೆ ಶುರುವಾಯಿತು ನೋಡಿ ಹಲ್ಲು ಕೀಳುವ ಹುಚ್ಚು. ಮೈಕೈ ನೋವೇ, ಹಲ್ಲು ಕೀಳು. ನಿಶ್ಶಕ್ತಿಯೇ, ಹಲ್ಲು ಕೀಳು. ನ್ಯೂಜೆರ್ಸಿಯ ಟ್ರೆಂಟನ್ ಸರ್ಕಾರಿ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಕಾಟನ್, ಹುಚ್ಚಿಗೂ ಇದೇ ಕಾರಣವೆಂದು ನಂಬಿ ರೋಗಿಗಳ ಸಾವಿರಾರು ಹಲ್ಲು ಕೀಳಿಸಿದರು. ಅಷ್ಟಕ್ಕೂ ಗುಣವಾಗದಿದ್ದರೆ ಟಾನ್ಸಿಲ್, ಮುಂದೆ ಕರುಳಿನ ತುಂಡು. ಶಸ್ತ್ರಚಿಕಿತ್ಸೆಯಿಂದ ಅನೇಕರು ಸತ್ತರು. ಬೇಡ ಎನ್ನುವ ಹಕ್ಕು ಆ ರೋಗಿಗಳಿಗೆ ಇರಲಿಲ್ಲ ಎಂಬುದನ್ನು ಈ ಕಥೆ ಹೇಳುವವರು ಬೇಗ ದಾಟಿಬಿಡುತ್ತಾರೆ.

1938ರಲ್ಲಿ ರಸೆಲ್ ಸೆಸಿಲ್ ಮತ್ತು ಆಂಜೆವೈನ್ ಕೀಲೂತದ 200 ರೋಗಿಗಳ ಲೆಕ್ಕ ತೆಗೆದರು. ಹಲ್ಲು, ಟಾನ್ಸಿಲ್ ತೆಗೆಸಿದ್ದರಿಂದ ಹೇಳಿಕೊಳ್ಳುವಂಥ ಲಾಭವೇನೂ ಆಗಿರಲಿಲ್ಲ. ಸೆಸಿಲ್ ಮೊದಲು ಈ ಸಿದ್ಧಾಂತದ ಪರವೇ ಇದ್ದವರು! ಸಿದ್ಧಾಂತ ಮೂಲೆ ಸೇರಿತು. ಅದರ ಜೊತೆ ಬಾಯಿಗೂ ದೇಹಕ್ಕೂ ಇರುವ ನಂಟಿನ ಮಾತೂ ಅರ್ಧ ಶತಮಾನ ಮೂಲೆ ಸೇರಿತು.

ಅದು ಮತ್ತೆ ಎದ್ದದ್ದು ಫಿನ್‌ಲೆಂಡ್‌ನಲ್ಲಿ. 1989ರಲ್ಲಿ ಮಟಿಲಾ ಮತ್ತು ಸಂಗಡಿಗರು ಹೃದಯಾಘಾತವಾದ 100 ಮಂದಿಯ ಬಾಯಿಯನ್ನು 102 ಇತರರ ಬಾಯಿಯೊಂದಿಗೆ ಹೋಲಿಸಿದರು. ಹೃದಯಾಘಾತವಾದವರ ಬಾಯಿಯ ಆರೋಗ್ಯ ಹೆಚ್ಚು ಕೆಟ್ಟಿತ್ತು. ಈ ಸಲ ಕೈಯಲ್ಲಿ ಹೊಸ ಅಳತೆಗೋಲಿತ್ತು. 1930ರಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡಿದ್ದ, ಈಗ ಸಿಆರ್‌ಪಿ ಎನ್ನುವ ಪ್ರೋಟೀನು, ದೇಹದಲ್ಲಿ ಉರಿಯೂತವಿದ್ದರೆ ಏರುತ್ತದೆ. ವಸಡುರೋಗ ಜೋರಾಗಿರುವವರಲ್ಲೂ ಏರುತ್ತದೆ.

ಅಂದರೆ ರೋಗಾಣು ಹೋಗಿ ಹೃದಯದಲ್ಲೇ ಕೂರಬೇಕೆಂದಿಲ್ಲ. ಹಲ್ಲಿನ ಬುಡದ ಹುಣ್ಣಿನಿಂದ ಅವು ರಕ್ತಕ್ಕಿಳಿದಾಗ ದೇಹ ಕಾದಾಟಕ್ಕೆ ನಿಲ್ಲುತ್ತದೆ. ಅದು ತಿಂಗಳುಗಟ್ಟಲೆ ನಡೆದರೆ ರಕ್ತನಾಳದ ಒಳಪದರ ಬಳಲುತ್ತದೆ, ನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ, ನಾಳ ಬಿಗಿಯುತ್ತದೆ. 2007ರಲ್ಲಿ ಟೊನೆಟ್ಟಿ ತಂಡ 120 ರೋಗಿಗಳಲ್ಲಿ ಇದನ್ನೇ ಪರೀಕ್ಷಿಸಿತು. ವಸಡನ್ನು ಆಳವಾಗಿ ಶುಚಿ ಮಾಡಿದ ಮರುದಿನ ರಕ್ತನಾಳಗಳ ಸ್ಥಿತಿ ಹದಗೆಟ್ಟಿತು, ಆರು ತಿಂಗಳಿಗೆ ಸುಧಾರಿಸಿತು. ನನಗೆ ಆ ಮೊದಲ ದಿನದ ಹದಗೆಡುವಿಕೆಯೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಬಿ.ಪಿ.ಯ ಮಾತು ನೇರವಾಗಿ ಬಂದದ್ದು 2019ರಲ್ಲಿ, ಪೋಲೆಂಡಿನ ಕ್ರಾಕೋವ್‌ನಿಂದ. ಬಿ.ಪಿ., ವಸಡುರೋಗ ಎರಡೂ ಇದ್ದ 101 ಮಂದಿಯಲ್ಲಿ ವಸಡಿಗೆ ಪೂರ್ಣ ಚಿಕಿತ್ಸೆ ಪಡೆದವರ ಮೇಲಿನ ಅಂಕಿ ಎರಡು ತಿಂಗಳಲ್ಲಿ ಸುಮಾರು 11ರಷ್ಟು ಇಳಿಯಿತು. ಸಣ್ಣ ಗುಂಪು, ಕಡಿಮೆ ಅವಧಿ, ನಿಜ. ಬೀಡಿ, ಸಕ್ಕರೆ ಕಾಯಿಲೆ, ಬಡತನ ವಸಡನ್ನೂ ಹೃದಯವನ್ನೂ ಒಟ್ಟಿಗೇ ಕೆಡಿಸುವುದರಿಂದ ಯಾವುದು ಯಾವುದಕ್ಕೆ ಕಾರಣ ಎಂದು ಬಿಡಿಸುವುದೂ ಕಷ್ಟ. ಸಂಬಂಧವಿದೆ, ಆದರೆ ವಸಡಿನ ಚಿಕಿತ್ಸೆಯಿಂದ ಹೃದ್ರೋಗ ತಪ್ಪುತ್ತದೆಂಬುದಕ್ಕೆ ಪುರಾವೆಯಿಲ್ಲ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲೇ ಎಚ್ಚರಿಸಿತ್ತು. ಹಾಗಾಗಿ ಯಾರೂ ಮಾತ್ರೆ ಬಿಟ್ಟು ಹಲ್ಲಿನ ಡಾಕ್ಟರ ಬಳಿ ಓಡಬೇಕಿಲ್ಲ. ಮಾತ್ರೆಯೂ ಇರಲಿ, ಅಲ್ಲಿಗೂ ಹೋಗಿ.

ನಮ್ಮ ಸರ್ಕಾರಿ ತಪಾಸಣೆ ಕಾರ್ಯಕ್ರಮದಲ್ಲಿ 30 ದಾಟಿದವರ ಬಿ.ಪಿ.ಯನ್ನೂ ನೋಡಬೇಕು, ಬಾಯಿಯನ್ನೂ ನೋಡಬೇಕು. ಬಾಯಿ ನೋಡುವುದು ಕ್ಯಾನ್ಸರಿಗಾಗಿ. ಹೇಗೂ ಬಾಯಿ ತೆರೆಸಿದ ಮೇಲೆ ವಸಡು ಊದಿದೆಯೇ ಎಂದು ನೋಡಲು ಇನ್ನೆಷ್ಟು ಹೊತ್ತು ಬೇಕು?