ಸ್ಯಾಕ್ಸೋಫೋನಿನ ವಂಶವೃತ್ತಾಂತ

ಮದುವೆಯ ಚಪ್ಪರದಲ್ಲಿ ಓಲಗದ ಸ್ಥಾನವನ್ನು ಕೆಲವು ದಶಕಗಳಿಂದೀಚೆಗೆ ಹೊಂಬಣ್ಣದ ಬಾಗಿದ ವಾದ್ಯವೊಂದು ಅಲ್ಲಲ್ಲಿ ಆಕ್ರಮಿಸಿಕೊಂಡಿರುವುದನ್ನು ನಮ್ಮ ಸೀಮೆಯ ವಾಚಕರು ಬಲ್ಲರು. 1953ರಲ್ಲಿ ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಮೇಲೂ ಶುಭಕಾರ್ಯಗಳಿಗೆ ಬಳ್ಳಾರಿಯ ಕಡೆಯ ವಾದ್ಯದವರನ್ನು ಕರೆಸುವ ಮನೆಗಳು ಇಲ್ಲಿ ಉಳಿದಿವೆ. ಆ ಹೊಸ ವಾದ್ಯವನ್ನು ಎಲ್ಲರೂ ಸ್ಯಾಕ್ಸೋಫೋನ್ ಎಂದೇ ಕರೆಯುತ್ತಾರೆ. ಆದರೆ ಅದು ಒಂದು ವಾದ್ಯದ ಹೆಸರಲ್ಲ, ಒಂದು ಕುಟುಂಬದ ಹೆಸರು. ಈ ಭೇದವನ್ನರಿಯದೆ, ಒಡವೆಯನ್ನು ಅಡವಿಟ್ಟು ಮಗನಿಗೆ ವಾದ್ಯ ಕೊಡಿಸಿ, ಅದು ಮೇಳಕ್ಕೆ ಹೊಂದದಿರಲು ಮೂಲೆಗಿರಿಸಿದ ಮನೆಯೊಂದನ್ನು ನಾನು ಬಲ್ಲೆ. ಆದಕಾರಣ ಈ ವಂಶದ ವೃತ್ತಾಂತವನ್ನು ಸ್ವಲ್ಪ ವಿವರಿಸುವುದು ಅನುಚಿತವಾಗಲಾರದು.

ಬೆಲ್ಜಿಯಂ ದೇಶದ ದಿನಾನ್ ಪಟ್ಟಣದಲ್ಲಿ 1814ರಲ್ಲಿ ಜನಿಸಿದ ಅಡಾಲ್ಫ್ ಸ್ಯಾಕ್ಸ್ ಎಂಬಾತನೇ ಇದರ ಜನಕ. ತಂದೆಯೂ ವಾದ್ಯಗಳನ್ನು ತಯಾರಿಸುವವನೇ. ಮಗನು ಪ್ಯಾರಿಸ್ಸಿಗೆ ಹೋಗಿ ನೆಲೆಸಿ, 1846ರಲ್ಲಿ ತನ್ನ ವಾದ್ಯಕ್ಕೆ ಪೇಟೆಂಟು ಪಡೆದನು. ಆತನು ಕಲ್ಪಿಸಿದ್ದು ಒಂದೇ ವಾದ್ಯವನ್ನಲ್ಲ. ಹಿರಿದು ಕಿರಿದಾದ ಅಳತೆಗಳ ಸೋದರವಾದ್ಯಗಳ ಒಂದು ಪರಿವಾರವನ್ನು. ಸೇನಾ ಬ್ಯಾಂಡುಗಳಿಗೆಂದು ರಚಿಸಿದ ಶಾಖೆಯೇ ಬಾಳಿ ಬೆಳೆಯಿತು. ಕರ್ತೃವಾದರೋ ಪ್ರತಿಸ್ಪರ್ಧಿಗಳೊಡನೆ ವ್ಯಾಜ್ಯಗಳಲ್ಲಿ ಸಿಲುಕಿ, ದಿವಾಳಿಯಾಗಿ, 1894ರಲ್ಲಿ ಬಡತನದಲ್ಲಿಯೇ ತೀರಿಕೊಂಡನು.

ಮೈಯೆಲ್ಲ ಹಿತ್ತಾಳೆಯಾಗಿದ್ದರೂ ಪಾಶ್ಚಾತ್ಯರು ಇದನ್ನು ಮರದ ವಾದ್ಯಗಳ ಪಂಕ್ತಿಯಲ್ಲಿ ಕುಳ್ಳಿರಿಸುತ್ತಾರೆ. ಏಕೆಂದರೆ ಇದರ ನಾದವು ಬಾಯಿಗಿಡುವ ಭಾಗಕ್ಕೆ ಬಿಗಿದ ತೆಳುವಾದ ಜೊಂಡಿನ ಪಟ್ಟಿಯೊಂದರ ಕಂಪನದಿಂದ ಹುಟ್ಟುತ್ತದೆ. ನಮ್ಮ ಶಾಸ್ತ್ರಕಾರರಿಗೆ ಈ ತೊಡಕೇ ಇಲ್ಲ. ಊದುವುದೆಲ್ಲವೂ ಸುಷಿರವಾದ್ಯ! ನಾಗಸ್ವರದ ತುದಿಯಲ್ಲಿ ಜೊಂಡಿನ ಎರಡು ಪದರಗಳು ಎದುರುಬದುರಾಗಿರುತ್ತವೆ. ಇಲ್ಲಿ ಒಂದೇ ಪದರ.

ಈಗ ಸೋದರರನ್ನು ಗುರುತಿಸೋಣ. ಪ್ರಚಾರದಲ್ಲಿರುವವು ಮುಖ್ಯವಾಗಿ ನಾಲ್ಕು: ಸೊಪ್ರಾನೋ, ಆಲ್ಟೋ, ಟೆನರ್, ಬ್ಯಾರಿಟೋನ್. ಸೊಪ್ರಾನೋ ಸಾಮಾನ್ಯವಾಗಿ ನೆಟ್ಟಗಿರುವುದರಿಂದ ಹೊಸಬರು ಅದನ್ನು ಕ್ಲಾರಿನೆಟ್ಟೆಂದು ಭ್ರಮಿಸುವುದುಂಟು. ಕ್ಲಾರಿನೆಟ್ಟಿನದು ಬಹುಮಟ್ಟಿಗೆ ಒಂದೇ ಸುತ್ತಳತೆಯ ಕಪ್ಪು ಕೊಳವೆ. ಸೊಪ್ರಾನೋ ಹಿತ್ತಾಳೆಯದು, ಮೇಲಿನಿಂದ ಕೆಳಕ್ಕೆ ಅಗಲವಾಗುತ್ತ ಹೋಗುತ್ತದೆ. ಉಳಿದ ಮೂರೂ ಕೆಳಗೆ ಬಾಗಿ ಬಾಯನ್ನು ಮೇಲಕ್ಕೆತ್ತಿರುತ್ತವೆ. ಹೊಸಬರಿಗೆ ತೊಡಕಾಗುವುದು ಆಲ್ಟೋ ಮತ್ತು ಟೆನರುಗಳಲ್ಲಿ. ಗಾತ್ರವೊಂದನ್ನೇ ನಂಬಬಾರದು, ಪಕ್ಕದಲ್ಲಿ ಇನ್ನೊಂದಿಲ್ಲದಿದ್ದರೆ ಕಣ್ಣು ಮೋಸಹೋಗುತ್ತದೆ. ಕೊರಳನ್ನು ನೋಡಬೇಕು. ಆಲ್ಟೋವಿನ ಕೊರಳು ಒಮ್ಮೆಗೇ ಬಾಯಿಯತ್ತ ತಿರುಗುತ್ತದೆ. ಟೆನರಿನದು ಹಂಸದ ಕೊರಳಿನಂತೆ ಒಮ್ಮೆ ಏರಿ, ತಗ್ಗಿ, ಮತ್ತೆ ಚಾಚಿಕೊಳ್ಳುತ್ತದೆ. ಬ್ಯಾರಿಟೋನಿನ ನೆತ್ತಿಯಲ್ಲಿ ಕೊಳವೆಯು ಸುರುಳಿ ಸುತ್ತಿರುವುದರಿಂದ ಅದನ್ನು ಗುರುತಿಸಲು ಯಾರೂ ಕಷ್ಟಪಡಬೇಕಾಗಿಲ್ಲ.

ಆದರೆ ಮುಖ್ಯ ಭೇದವಿರುವುದು ಶ್ರುತಿಯಲ್ಲಿ. ನಾಲ್ಕಕ್ಕೂ ಬೆರಳಿನ ಕ್ರಮ ಒಂದೇ. ಹೊರಡುವ ಸ್ವರ ಮಾತ್ರ ಬೇರೆ. ಪಾಶ್ಚಾತ್ಯರ ಮೂಲ ಸ್ವರದ ಹಿಡಿತವನ್ನು ಹಿಡಿದರೆ ಆಲ್ಟೋ ಮತ್ತು ಬ್ಯಾರಿಟೋನುಗಳಲ್ಲಿ ನಮ್ಮ ಎಕ್ಕೆಯ ಎರಡೂವರೆ ಮನೆಯ ಸ್ವರವೂ, ಸೊಪ್ರಾನೋ ಮತ್ತು ಟೆನರುಗಳಲ್ಲಿ ಆರೂವರೆ ಮನೆಯ ಸ್ವರವೂ ಹೊರಡುತ್ತವೆ. ಅಂದಮೇಲೆ ಜೊತೆಯಾಗಿ ಊದುವ ಇಬ್ಬರಲ್ಲಿ ಒಬ್ಬನು ಆಲ್ಟೋವನ್ನೂ ಇನ್ನೊಬ್ಬನು ಟೆನರನ್ನೂ ಹಿಡಿದು ಒಂದೇ ಬೆರಳಿನಿಂದ ಷಡ್ಜವನ್ನು ನುಡಿಸಿದರೆ, ಎರಡನೆಯವನ ಷಡ್ಜವು ಮೊದಲನೆಯವನ ಮಂದ್ರಪಂಚಮದ ಮೇಲೆ ಬೀಳುತ್ತದೆ. ನಾನು ಹೇಳಿದ ಆ ಮನೆಯಲ್ಲಿ ನಡೆದುದೂ ಇದೇ. ವಾದ್ಯದಲ್ಲಿ ಊನವಿರಲಿಲ್ಲ; ಆಲ್ಟೋ ಮೇಳದ ಹುಡುಗನ ಕೈಗೆ ಟೆನರು ಬಂದಿತ್ತು.

ಕನ್ನಡನಾಡಿನಲ್ಲಿ ಆಲ್ಟೋವಿಗೆ ಅಗ್ರಸ್ಥಾನ ದೊರೆತುದಕ್ಕೆ ಕದ್ರಿ ಗೋಪಾಲನಾಥರೇ ಪ್ರಧಾನ ಕಾರಣ. 1949ರಲ್ಲಿ ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ ಜನಿಸಿದ ಅವರು ನಾಗಸ್ವರ ವಿದ್ವಾಂಸರಾದ ತನಿಯಪ್ಪನವರ ಪುತ್ರರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯದ ನಾದವನ್ನು ಕೇಳಿ ಬಾಲಕನು ಮರುಳಾದನು. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಅನಂತರ ಮದರಾಸಿನ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿ ಶಿಕ್ಷಣವಾಯಿತು. ಎದುರಾದ ಕಷ್ಟವು ಸಾಮಾನ್ಯವಾದುದಲ್ಲ. ನಾಗಸ್ವರದಲ್ಲಿ ಬೆರಳು ರಂಧ್ರವನ್ನೇ ಮುಟ್ಟುತ್ತದೆ; ಅರ್ಧ ಮುಚ್ಚಿ, ಕಾಲು ತೆರೆದು ಸ್ವರವನ್ನು ಜಾರಿಸಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳು ಕೀಲಿಯನ್ನು ಒತ್ತುತ್ತದೆ, ಕೀಲಿಯ ಮುಚ್ಚಳವು ರಂಧ್ರವನ್ನು ಮುಚ್ಚುತ್ತದೆ. ಸ್ವರವು ಮೆಟ್ಟಿಲಿನಿಂದ ಮೆಟ್ಟಿಲಿಗೆ ಹಾರುತ್ತದೆ. ಗಮಕವಿಲ್ಲದ ತೋಡಿಯೆಂಥದು! ಅವರು ವಾದ್ಯದಲ್ಲಿ ಕೆಲವು ಮಾರ್ಪಾಡುಗಳನ್ನು ಮಾಡಿಕೊಂಡು, ತುಟಿ ಮತ್ತು ಉಸಿರಿನ ದೀರ್ಘ ಸಾಧನೆಯಿಂದ ಗಮಕವನ್ನು ಒಲಿಸಿಕೊಂಡರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಂಗಣದಲ್ಲಿ ಬಿ.ಬಿ.ಸಿ.ಯ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂದಿತು. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ನಿಧನರಾದರು.

ಅವರನ್ನು ಕೇಳಿ ಎಷ್ಟೋ ತರುಣರು ನಾಗಸ್ವರವನ್ನು ಬದಿಗಿರಿಸಿ ಇದನ್ನು ಹಿಡಿದರು. ಓಲಗದ ಮನೆತನಗಳಿಗೆ ಇದರಿಂದ ಲಾಭವಾಯಿತೋ ನಷ್ಟವಾಯಿತೋ ಎಂಬುದು ಚರ್ಚಾಸ್ಪದ. ಒಂದು ಚಪ್ಪರದಲ್ಲಿ ಎರಡಕ್ಕೂ ಎಡೆಯಿರಬೇಕೆಂಬುದು ನನ್ನ ಮತ.

ಇನ್ನು ಕೊಳ್ಳುವವರಿಗೆ ಒಂದು ಮಾತು. ಬಾಯಿಗಿಡುವ ಭಾಗವೂ ಜೊಂಡಿನ ಪಟ್ಟಿಯೂ ನಾಲ್ಕು ವಾದ್ಯಗಳಿಗೆ ನಾಲ್ಕು ಅಳತೆಯವು. ಪಟ್ಟಿಯ ಪೆಟ್ಟಿಗೆಯ ಮೇಲೆ ಯಾವ ವಾದ್ಯದ್ದೆಂಬುದು ಅಚ್ಚಾಗಿರುತ್ತದೆ. ಹಳೆಯ ವಾದ್ಯವನ್ನು ಕೊಳ್ಳುವಾಗ ಮೇಳದ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ದು, ಎಕ್ಕೆಯ ಪೆಟ್ಟಿಗೆಯ ಎದುರಿನಲ್ಲಿ ಊದಿಸಿ ನೋಡಿದ ಮೇಲೆಯೇ ಹಣವನ್ನು ಎಣಿಸತಕ್ಕದ್ದು.