ಹನ್ನೆರಡು ಕುರ್ಚಿಗಳು

ಅಮೆರಿಕದ ಲೇಖಕಿ ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿ ಪ್ರಕಟವಾದದ್ದು 1960ರಲ್ಲಿ. ಮಾಕಿಂಗ್‌ಬರ್ಡ್ ಎಂದರೆ ಬೇರೆ ಹಕ್ಕಿಗಳ ದನಿಯನ್ನು ಅನುಕರಿಸಿ ಹಾಡುವ ಹಕ್ಕಿ. ಅದಕ್ಕೊಂದು ಒಪ್ಪುವ ಕನ್ನಡ ಹೆಸರು ಹುಡುಕಿ ನಾನು ಸೋತಿದ್ದೇನೆ. ಆ ಮಾತು ಇರಲಿ. ಕಥೆ ನಡೆಯುವುದು ಅಲಬಾಮ ರಾಜ್ಯದ ಮೇಕೋಂಬ್ ಎಂಬ ಕಲ್ಪಿತ ಊರಿನಲ್ಲಿ. ಟಾಮ್ ರಾಬಿನ್ಸನ್ ಎಂಬ ಕಪ್ಪು ಕೂಲಿಯಾಳಿನ ಮೇಲೆ ಬಿಳಿಯ ಯುವತಿಯೊಬ್ಬಳ ಮಾನಭಂಗದ ಆರೋಪ ಬಂದಿದೆ. ಅವನ ಎಡಗೈ ಬಾಲ್ಯದಲ್ಲೇ ಹತ್ತಿಯ ಯಂತ್ರಕ್ಕೆ ಸಿಕ್ಕಿ ನಿರುಪಯುಕ್ತವಾಗಿದೆ. ಯುವತಿಯ ಮುಖದ ಬಲಭಾಗದ ಗಾಯವಾದರೋ ಎಡಗೈ ರೂಢಿಯವನ ಪೆಟ್ಟು. ವಕೀಲ ಆಟಿಕಸ್ ಫಿಂಚ್ ಇದನ್ನು ಹಗಲಿನಷ್ಟು ಸ್ಪಷ್ಟವಾಗಿ ತೋರಿಸುತ್ತಾನೆ. ಆದರೂ ಹನ್ನೆರಡು ಮಂದಿ ಜ್ಯೂರಿಗಳು ಟಾಮ್ ತಪ್ಪಿತಸ್ಥನೆಂದೇ ಹೇಳುತ್ತಾರೆ. ಈ ಕೃತಿಯನ್ನು ಕುರಿತು ಮಾತನಾಡುವವರೆಲ್ಲ ಆ ವಕೀಲನನ್ನು ಕೊಂಡಾಡುವುದುಂಟು. ನಾನು ಹೇಳಬೇಕೆಂದಿರುವುದು ಆ ಹನ್ನೆರಡು ಕುರ್ಚಿಗಳ ವಿಷಯ.

ಸಾಕ್ಷ್ಯವನ್ನು ಕೇಳಿ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ನಿರ್ಣಯಿಸುವವರು ಆ ಸೀಮೆಯ ಸಾಮಾನ್ಯ ಜನ. ಇದೇ ಜ್ಯೂರಿ ಪದ್ಧತಿ. ಹಾಗಾದರೆ ಆ ಜನರ ಪಟ್ಟಿ ಮಾಡುವವರು ಯಾರು? ತೀರ್ಪಿನ ನಂತರ ಆಟಿಕಸ್ ತನ್ನ ಮಗನಿಗೆ ಈ ವ್ಯವಸ್ಥೆಯನ್ನು ವಿವರಿಸುವಾಗ ಸ್ತ್ರೀಯರಿಗೆ ಅಲ್ಲಿ ಪ್ರವೇಶವಿಲ್ಲವೆಂಬ ಮಾತು ಬರುತ್ತದೆ. ಇದು ಕಲ್ಪನೆಯಲ್ಲ, ಅಲಬಾಮದಲ್ಲಿ 1966ರವರೆಗೂ ಹಾಗೆಯೇ ಇತ್ತು. ಆದರೆ ಕಪ್ಪು ಜನ ಏಕಿಲ್ಲ ಎಂಬ ಪ್ರಶ್ನೆಗೆ ಕಾದಂಬರಿಯಲ್ಲಿ ಅಷ್ಟು ಸ್ಥಳ ದೊರೆತಿಲ್ಲ. ಅದಕ್ಕೆ ಉತ್ತರವನ್ನು ಚರಿತ್ರೆಯಲ್ಲಿ ಹುಡುಕಬೇಕು.

1931ರ ಮಾರ್ಚ್ ತಿಂಗಳಿನಲ್ಲಿ ಅಲಬಾಮದಲ್ಲಿ ಗೂಡ್ಸ್ ರೈಲೊಂದರಿಂದ ಒಂಬತ್ತು ಮಂದಿ ಕಪ್ಪು ಹುಡುಗರನ್ನು ಇಳಿಸಿ ಬಂಧಿಸಲಾಯಿತು. ಇಬ್ಬರು ಬಿಳಿಯ ಯುವತಿಯರ ಮೇಲೆ ಅತ್ಯಾಚಾರ ಮಾಡಿದರೆಂಬುದು ಆರೋಪ. ಸ್ಕಾಟ್ಸ್‌ಬರೋ ಎಂಬ ಊರಿನಲ್ಲಿ ಕೆಲವೇ ದಿನಗಳಲ್ಲಿ ವಿಚಾರಣೆ ಮುಗಿದು ಎಂಟು ಮಂದಿಗೆ ಮರಣದಂಡನೆಯಾಯಿತು. 1933ರಲ್ಲಿ ಆ ಯುವತಿಯರಲ್ಲಿ ಒಬ್ಬಳು, ಅಂಥದ್ದೇನೂ ನಡೆಯಲಿಲ್ಲವೆಂದು ನ್ಯಾಯಾಲಯದಲ್ಲೇ ನುಡಿದಳು. ಆಗಲೂ ಜ್ಯೂರಿ ಕದಲಲಿಲ್ಲ. ಆ ತೀರ್ಪನ್ನು ರದ್ದುಪಡಿಸಿದ ನ್ಯಾಯಾಧೀಶ ಜೇಮ್ಸ್ ಹಾರ್ಟನ್ ಮರುವರ್ಷದ ಚುನಾವಣೆಯಲ್ಲಿ ಪದವಿ ಕಳೆದುಕೊಂಡ.

ಕೊನೆಗೆ ವಾದ ಜ್ಯೂರಿಗಳ ಪಟ್ಟಿಗೇ ಬಂದು ನಿಂತಿತು. ಪಟ್ಟಿಯಲ್ಲಿ ಕಪ್ಪು ಜನರ ಹೆಸರುಗಳೂ ಉಂಟೆಂದು ರಾಜ್ಯದವರು ತೋರಿಸಿದರು. ಅವು ಆಮೇಲೆ ತುರುಕಿದವು ಎಂದು ಆರೋಪಿಗಳ ವಕೀಲರು ವಾದಿಸಿದರು. ದೇಶದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳು ಭೂತಗನ್ನಡಿ ಹಿಡಿದು ಆ ಪುಸ್ತಕದ ಹಾಳೆಗಳನ್ನು ನೋಡಿದರು. 1935ರ ಏಪ್ರಿಲ್ 1ರಂದು, ಕಪ್ಪು ಜನರನ್ನು ಜ್ಯೂರಿಯಿಂದ ವ್ಯವಸ್ಥಿತವಾಗಿ ಹೊರಗಿಟ್ಟದ್ದು ಸಂವಿಧಾನಬಾಹಿರವೆಂದು ತೀರ್ಪಿತ್ತರು. ಕಾದಂಬರಿಯಲ್ಲಿ ಟಾಮ್‌ನ ವಿಚಾರಣೆ ನಡೆಯುವುದು ಅದೇ 1935ರ ಬೇಸಗೆಯಲ್ಲಿ! ಮೇಕೋಂಬ್‌ನ ಹನ್ನೆರಡು ಕುರ್ಚಿಗಳಿಗೆ ಆ ತೀರ್ಪಿನ ಸುಳಿವೇ ಇಲ್ಲ. ನಿಜವಾದ ಊರುಗಳಲ್ಲೂ ಇರಲಿಲ್ಲ. ಪಟ್ಟಿಯಲ್ಲಿ ಹೆಸರು ಸೇರಿಸಿದರೂ, ಕಾರಣ ಹೇಳದೆ ಜ್ಯೂರಿಯನ್ನು ತಳ್ಳಿಹಾಕುವ ಅಧಿಕಾರ ಸರ್ಕಾರಿ ವಕೀಲನ ಕೈಯಲ್ಲಿತ್ತು. ಬಣ್ಣವನ್ನು ನೋಡಿ ಹಾಗೆ ತಳ್ಳುವುದಕ್ಕೆ ತಕ್ಕಮಟ್ಟಿನ ತಡೆ ಬಿದ್ದದ್ದು 1986ರಲ್ಲಿ.

ಲೇಖಕಿ ಹುಟ್ಟಿ ಬೆಳೆದ ಊರು ಮನ್ರೋವಿಲ್. ಮೇಕೋಂಬ್‌ಗೆ ಅದೇ ಮಾದರಿ. ಅವರ ತಂದೆ ವಕೀಲರು. 1919ರಲ್ಲಿ ಕೊಲೆಯ ಆರೋಪ ಹೊತ್ತ ಇಬ್ಬರು ಕಪ್ಪು ಜನರ ಪರವಾಗಿ ವಾದಿಸಿ ಸೋತರು, ಇಬ್ಬರಿಗೂ ಗಲ್ಲಾಯಿತು. ಲೇಖಕಿಗೆ ಏಳು ವರ್ಷವಾಗಿದ್ದಾಗ, ಅದೇ ಸೀಮೆಯಲ್ಲಿ ವಾಲ್ಟರ್ ಲೆಟ್ ಎಂಬ ಕಪ್ಪು ಮನುಷ್ಯನ ಮೇಲೆ ಟಾಮ್‌ನ ಮೇಲೆ ಬಂದಂಥದೇ ಆರೋಪ ಬಂತು. ಅವನಿಗೆ ಮರಣದಂಡನೆಯಾಗಿ, ಆಮೇಲೆ ಅದು ಜೀವಾವಧಿಗೆ ಇಳಿಯಿತು. 1937ರಲ್ಲಿ ಕ್ಷಯದಿಂದ ಸತ್ತ. ಇವರ ಪರವಾಗಿ ನಾಲ್ಕು ಒಳ್ಳೆಯ ಮಾತಾಡುವವರು ಊರಿನಲ್ಲಿ ಇರಲಿಲ್ಲವೆಂದಲ್ಲ. ಹಾಗೆ ಮಾತಾಡುವವರ ಕೈಯಲ್ಲಿ ತೀರ್ಪು ಇರಲಿಲ್ಲ.

ಮನ್ರೋವಿಲ್‌ನ ಹಳೆಯ ನ್ಯಾಯಾಲಯ ಈಗ ವಸ್ತುಸಂಗ್ರಹಾಲಯ. 1990ರ ದಶಕದ ಆರಂಭದಿಂದ ಊರಿನವರೇ ಸೇರಿ ಅಲ್ಲಿ ಕಾದಂಬರಿಯನ್ನು ನಾಟಕವಾಗಿ ಆಡುತ್ತ ಬಂದರು. ಪ್ರೇಕ್ಷಕರಲ್ಲೇ ಹನ್ನೆರಡು ಮಂದಿಯನ್ನು ಕರೆದು ಜ್ಯೂರಿಯ ಕುರ್ಚಿಗಳಲ್ಲಿ ಕೂಡಿಸುವುದೂ ಉಂಟು. ನಾಟಕದ ಆ ಮೊದಲ ವರ್ಷಗಳಲ್ಲಿ ಅದೇ ಊರಿನ ಸುತ್ತಿನವನಾದ ವಾಲ್ಟರ್ ಮೆಕ್‌ಮಿಲಿಯನ್ ಎಂಬ ಕಪ್ಪು ಮನುಷ್ಯ ಮರಣದಂಡನೆಯ ಕೋಣೆಯಲ್ಲಿದ್ದ. ಆರೋಪ, 1986ರಲ್ಲಿ ನಡೆದ ಬಿಳಿಯ ಯುವತಿಯೊಬ್ಬಳ ಕೊಲೆ. ವಿಚಾರಣೆಯನ್ನು ಬಿಳಿಯರೇ ಹೆಚ್ಚಾಗಿರುವ ಬೇರೆ ಜಿಲ್ಲೆಗೆ ಒಯ್ದರು. 1988ರಲ್ಲಿ ತೀರ್ಪಿತ್ತ ಜ್ಯೂರಿಯಲ್ಲಿ ಹನ್ನೊಂದು ಮಂದಿ ಬಿಳಿಯರು, ಒಬ್ಬ ಕಪ್ಪು. ಆ ಜ್ಯೂರಿ ಜೀವಾವಧಿ ಸಾಕೆಂದಿತು. ನ್ಯಾಯಾಧೀಶ ಅದನ್ನು ಮೀರಿ ಮರಣದಂಡನೆ ಕೊಟ್ಟ. ಕೊಲೆಯ ಹೊತ್ತಿನಲ್ಲಿ ಅವನು ತನ್ನ ಮನೆಯಲ್ಲೇ, ನೆಂಟರೂ ಚರ್ಚಿನವರೂ ಸೇರಿ ಮೀನು ಕರಿದು ಮಾರುತ್ತಿದ್ದ ಕಡೆ ಇದ್ದ. ಕಣ್ಣಾರೆ ಕಂಡ ಕಪ್ಪು ಜನ ಹಾಗೆಂದು ಹೇಳಿದರು, ನಂಬಲಿಲ್ಲ. ನಂಬಿದ್ದು ಬಿಳಿಯ ಅಪರಾಧಿಯೊಬ್ಬನ ಮಾತನ್ನು. ಆಮೇಲೆ ಅವನೇ ತಾನು ಹೇಳಿದ್ದು ಸುಳ್ಳೆಂದು ಒಪ್ಪಿಕೊಂಡ. ವಕೀಲ ಬ್ರಯಾನ್ ಸ್ಟೀವನ್ಸನ್ ಬಹುಕಾಲ ಹೋರಾಡಿದ ಮೇಲೆ, 1993ರಲ್ಲಿ ಮೆಕ್‌ಮಿಲಿಯನ್ ಬಿಡುಗಡೆಯಾಗಿ ಮನ್ರೋವಿಲ್ ಸೀಮೆಗೇ ಮರಳಿದ.